ಸೂರ್ಯ ನೆತ್ತಿ ಮೇಲಿರೋದು ನಮಗೆ, ಮ್ಯಾಗ್ನೆಟಿಕ್ ಗಲಾಟೆ ಮಾತ್ರ ಧ್ರುವದ ಹತ್ರ ಯಾಕೆ?

ಮಲ್ನಾಡ್_ಮಳೆ:
ಎಲ್ರಿಗೂ ನಮಸ್ಕಾರ. ನಮ್ಮಕ್ಕ ಭಾವ ನಾರ್ವೇಲಿ ಟ್ರೋಮ್ಸೋ ಅನ್ನೋ ಊರಲ್ಲಿದಾರೆ. ಮೊನ್ನೆ ಅರೋರಾ (ರಾತ್ರಿ ಆಕಾಶದಲ್ಲಿ ಕಾಣೋ ಬಣ್ಣದ ಬೆಳಕು) ಫೋಟೋಗಳ ಜೊತೆಗೆ ಅಲ್ಲಿನ ಮ್ಯಾಗ್ನೆಟೋಮೀಟರ್, ಅಂದ್ರೆ ಭೂಮಿಯ ಕಾಂತಕ್ಷೇತ್ರ ಅಳೆಯೋ ಯಂತ್ರದ ಗ್ರಾಫಿನ ಸ್ಕ್ರೀನ್‌ಶಾಟೂ ಕಳಿಸಿದ್ಲು ಅಕ್ಕ. ಹಗಲೆಲ್ಲಾ ಗೆರೆ ತೆಪ್ಪಗಿದೆ, ಸಂಜೆ ಮೇಲೆ ಸ್ವಲ್ಪ ಮೇಲೆದ್ದಿದೆ, ಮಧ್ಯರಾತ್ರಿ ಆಗ್ತಿದ್ದ ಹಾಗೆ ಧಡಾರ್ ಅಂತ ಕೆಳಗೆ ಬಿದ್ದಿದೆ, ಹತ್ರ ಹತ್ರ ಸಾವಿರ ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಅಳತೆ). ನನ್ನ ಡೌಟು ಏನಂದ್ರೆ ಸೌರ ಬಿರುಗಾಳಿ ಬರೋದು ಸೂರ್ಯನಿಂದ ಅಂದ್ಮೇಲೆ ಹಗಲಲ್ಲಿ ಹೊಡೀಬೇಕು ತಾನೆ, ಸೂರ್ಯ ಮುಳುಗಿದ ಎಷ್ಟೋ ಹೊತ್ತಿಗೆ ಯಾಕೆ ಬೀಳತ್ತೆ? ಮತ್ತೆ ಸೂರ್ಯನ ಎದುರಿಗೆ ನೇರ ಇರೋದು ನಾವು, ಅಲ್ಲೆಲ್ಲೋ ಮೂಲೇಲಿರೋ ಉತ್ತರದವರಿಗೆ ಯಾಕೆ ಜಾಸ್ತಿ? ಗೂಗಲ್ ಮಾಡಿದ್ರೆ ಬರೀ «ಕಣಗಳು ಧ್ರುವಕ್ಕೆ ಸೆಳೆಯಲ್ಪಡುತ್ತವೆ» ಅಂತ ಒಂದು ಸಾಲು ಬರತ್ತೆ, ಅಷ್ಟಕ್ಕೆ ಸಮಾಧಾನ ಆಗ್ತಿಲ್ಲ.

ಫಿಸಿಕ್ಸ್_ಮೇಷ್ಟ್ರು:
ಆ ಒಂದು ಸಾಲೇ ದಾರಿ ತಪ್ಪಿಸೋದು. ಕಣಗಳು ಸೂರ್ಯನಿಂದ ಹೊರಟು ಸೀದಾ ಧ್ರುವಕ್ಕೆ ಬಂದು ಸುರಿಯೋದಲ್ಲ ಅದು, ಬಹುಪಾಲು ಬರೋದು ಹಿಂಬಾಗಿಲಿಂದ.

ಸೂರ್ಯ ಉಗುಳಿದ ಪ್ಲಾಸ್ಮಾ ಮೋಡ, ಅಂದ್ರೆ ಚಾರ್ಜ್ ಇರೋ ಕಣಗಳ ಬಿಸಿ ಅನಿಲ, ಒಂದರಿಂದ ಮೂರು ದಿನದಲ್ಲಿ ಇಲ್ಲಿಗೆ ಬರತ್ತೆ, ಬರೋವಾಗ ತನ್ನದೇ ಕಾಂತಕ್ಷೇತ್ರಾನೂ ಹೊತ್ಕೊಂಡು ಬರತ್ತೆ. ಭೂಮಿಯ ಹಗಲಿನ ಕಡೆ ಮುಂಭಾಗದಲ್ಲಿ ನಮ್ಮ ಕ್ಷೇತ್ರ ಉತ್ತರಕ್ಕೆ ಮುಖ ಮಾಡಿರತ್ತೆ. ಬಂದಿರೋದೂ ಉತ್ತರಕ್ಕೇ ಮುಖ ಮಾಡಿದ್ರೆ ಹೆಚ್ಚೇನೂ ಆಗಲ್ಲ, ಪಕ್ಕದಲ್ಲಿ ಸರಿದು ಹೋಗತ್ತೆ. ದಕ್ಷಿಣಕ್ಕೆ ಮುಖ ಮಾಡಿದ್ರೆ ಮಾತ್ರ ಎರಡೂ ಕಡೆ ಕ್ಷೇತ್ರರೇಖೆಗಳು ಅಲ್ಲೇ ಕಡಿದು ಒಂದಕ್ಕೊಂದು ಕೂಡ್ಕೊಳ್ತವೆ, ಆಮೇಲೆ ಸೌರ ಮಾರುತ (ಸೂರ್ಯನಿಂದ ಹರಿದು ಬರೋ ಕಣಗಳ ಗಾಳಿ) ಆ ರೇಖೆಗಳನ್ನ ಧ್ರುವದ ಮೇಲಿಂದ ಎಳ್ಕೊಂಡು ಹೋಗಿ ರಾತ್ರಿ ಕಡೆಗೆ ಪೇರಿಸ್ತಾ ಹೋಗತ್ತೆ. ಭೂಮಿಗೆ ಆ ಕಡೆ ಉದ್ದ ಬಾಲ ಇದೆ, ಚಂದ್ರನ ಕಕ್ಷೆಗಿಂತಲೂ ಆಚೆ ಚಾಚಿರತ್ತೆ, ಹುಣ್ಣಿಮೆ ಆಸುಪಾಸಲ್ಲಿ ಚಂದ್ರ ಅದರೊಳಗಿಂದಾನೇ ಹಾದು ಹೋಗ್ತಾನೆ. ಆ ಬಾಲವನ್ನ ರಬ್ಬರ್ ಬ್ಯಾಂಡ್ ಥರ ಎಳೆದೂ ಎಳೆದೂ ಒಂದು ಹಂತದಲ್ಲಿ ಪಟ್ ಅಂತ ಕಿತ್ತು ಹಿಂದಕ್ಕೆ ಬಡಿಯತ್ತೆ. ಆಗ ಎಲೆಕ್ಟ್ರಾನ್‌ಗಳು ಕ್ಷೇತ್ರರೇಖೆ ಹಿಡ್ಕೊಂಡು ಕೆಳಗಿಳೀತವೆ. ಅದಕ್ಕೇ ನಿಮ್ಮ ಗ್ರಾಫು ಮಧ್ಯರಾತ್ರಿ ಹೊತ್ತಿಗೆ ಬಿದ್ದಿರೋದು.

ಇನ್ನು ಜಾಗದ ಪ್ರಶ್ನೆ. ಚಾರ್ಜ್ ಇರೋ ಕಣ ರೇಖೆಯನ್ನ ಅಡ್ಡ ದಾಟಕ್ಕೆ ಒದ್ದಾಡತ್ತೆ, ಉದ್ದಕ್ಕೆ ಆರಾಮಾಗಿ ಓಡತ್ತೆ. ನಮ್ಮ ನೆತ್ತಿ ಮೇಲೆ ರೇಖೆಗಳು ನೆಲಕ್ಕೆ ಸಮಾನಾಂತರ ಇರೋದ್ರಿಂದ ನಮಗೆ ಅದೇ ಛತ್ರಿ. ಬಾಲದಿಂದ ಬರೋ ರೇಖೆಗಳು ನೆಲ ಮುಟ್ಟೋದು ಧ್ರುವದ ಸುತ್ತ ಒಂದು ಉಂಗುರದಲ್ಲಿ, ಹೆಚ್ಚುಕಮ್ಮಿ 65ರಿಂದ 70 ಡಿಗ್ರಿ ಕಾಂತೀಯ ಅಕ್ಷಾಂಶ. ಗಮನಿಸಿ, ಧ್ರುವದ ನೆತ್ತಿ ಮೇಲಲ್ಲ, ಸುತ್ತ. ಟ್ರೋಮ್ಸೋ ಆ ಉಂಗುರದ ಕೆಳಗೇ ಕೂತಿದೆ.

ಗ್ರಾಫ್ ಅಲುಗಾಡಿಸೋದು ನೇರವಾಗಿ ಆ ಕಣಗಳಲ್ಲ, ಕರೆಂಟು. ಸುಮಾರು 100 ಕಿಮೀ ಎತ್ತರದಲ್ಲಿ ಆ ಉಂಗುರದ ಉದ್ದಕ್ಕೂ ಹತ್ತು ಲಕ್ಷ ಆಂಪಿಯರ್ ಲೆಕ್ಕದಲ್ಲಿ ಕರೆಂಟ್ ಹರಿಯತ್ತೆ. ಸಂಜೆ ಹೊತ್ತು ಅದು ಪೂರ್ವಕ್ಕೆ ಹರಿಯತ್ತೆ, ಗೆರೆ ಮೇಲೇಳತ್ತೆ. ಮಧ್ಯರಾತ್ರಿ ದಾಟ್ತಿದ್ದ ಹಾಗೆ ಪಶ್ಚಿಮಕ್ಕೆ, ಗೆರೆ ಕೆಳಗೆ. ನಿಮ್ಮಕ್ಕ ಕಳಿಸಿದ ಸ್ಕ್ರೀನ್‌ಶಾಟಲ್ಲಿ ಎರಡೂ ಇದೆ ನೋಡಿ, ಟೆಕ್ಸ್ಟ್ ಬುಕ್ಕಲ್ಲೂ ಇಷ್ಟು ಚೆನ್ನಾಗಿ ಸಿಗಲ್ಲ.

ಬೆಣ್ಣೆದೋಸೆ_ದಾವಣಗೆರೆ:
ಸಾವಿರ ನ್ಯಾನೋಟೆಸ್ಲಾ ಅಂದ್ರೆ ಅಲ್ಲಿನ ಭೂಮಿಯ ಕಾಂತಕ್ಷೇತ್ರ ಒಟ್ಟು 53 ಸಾವಿರದಲ್ಲಿ ಶೇಕಡಾ ಎರಡೂ ಆಗಲ್ವಲ್ಲ ಗುರು, ಇದಕ್ಯಾಕೆ ಇಷ್ಟು ಬಿಲ್ಡಪ್ಪು?

ಫಿಸಿಕ್ಸ್_ಮೇಷ್ಟ್ರು:
ಒಟ್ಟು ಲೆಕ್ಕ ಹಿಡಿದ್ರೆ ಹಾಗೇ ಕಾಣತ್ತೆ. ಆದ್ರೆ ಅಲ್ಲಿ ಕ್ಷೇತ್ರ ಬಹುಪಾಲು ನೆಲದೊಳಕ್ಕೆ ಇಳಿದಿರತ್ತೆ, ದಿಕ್ಸೂಚಿ ಮುಳ್ಳಿಗೆ ಸಿಗೋ ಅಡ್ಡ ಪಾಲು ಬರೀ 11 ಸಾವಿರದ ಆಸುಪಾಸು. ಪೂರ್ವ-ಪಶ್ಚಿಮವಾಗಿ ಒಂದು ಸಾವಿರ ಬಂದು ಸೇರಿದ್ರೆ ಮುಳ್ಳು 5 ಡಿಗ್ರಿ ತಿರುಗತ್ತೆ. ಅದೇ ಸಾವಿರ ಬೆಂಗಳೂರಲ್ಲಿ ಬಂದ್ರೆ ಒಂದೂವರೆ ಡಿಗ್ರೀನೂ ಇಲ್ಲ. 1741ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಸೆಲ್ಸಿಯಸ್ ಮತ್ತೆ ಹಿಯೋರ್ಟರ್ ಅರೋರಾ ಬಂದಾಗ ಮುಳ್ಳು ಅಲ್ಲಾಡೋದನ್ನ ಕಂಡಿದ್ರು, ಹೌದು, ಥರ್ಮಾಮೀಟರಿನ ಸೆಲ್ಸಿಯಸ್ಸೇ. ಉತ್ತರ ಸಮುದ್ರದಲ್ಲಿ ಎಣ್ಣೆ ಬಾವಿ ಓರೆಯಾಗಿ ಕೊರೆಯೋರು ದಿಕ್ಕಿಗೆ ಮ್ಯಾಗ್ನೆಟಿಕ್ ಸೆನ್ಸರ್ ನಂಬ್ಕೊಂಡಿರ್ತಾರೆ, ಅವರಿಗೆ ಇದು ಬಿಲ್ಡಪ್ಪಲ್ಲ.

ಲೈನ್_ಕ್ಲಿಯರ್:
ನಾನು ಟ್ರಾನ್ಸ್‌ಮಿಷನ್ ಪ್ರೊಟೆಕ್ಷನ್ನಲ್ಲಿ, ಅಂದ್ರೆ ದೊಡ್ಡ ಕರೆಂಟ್ ಲೈನುಗಳನ್ನ ಕಾಪಾಡೋ ವಿಭಾಗದಲ್ಲಿ ಕೆಲಸ ಮಾಡೋನು, ಅದಕ್ಕೆ ಈ ಕಡೆಯಿಂದ ಒಂದು ಮಾತು. ನಮಗೆ ಮುಖ್ಯ ಎಷ್ಟು ಬಿತ್ತು ಅನ್ನೋದಲ್ಲ, ಎಷ್ಟು ಬೇಗ ಬಿತ್ತು ಅನ್ನೋದು. ಕ್ಷೇತ್ರ ಬೇಗ ಬದಲಾದ್ರೆ ನೆಲದಲ್ಲಿ ವೋಲ್ಟೇಜ್ ಹುಟ್ಟತ್ತೆ, ಒಂದು ಕಿಲೋಮೀಟರಿಗೆ ಒಂದೆರಡು ವೋಲ್ಟ್ ಅಷ್ಟೇ, ಆದ್ರೆ ಲೈನು ನೂರಾರು ಕಿಲೋಮೀಟರ್ ಇದ್ರೆ ಲೆಕ್ಕ ಹಾಕ್ಕೊಳ್ಳಿ. ಕೆನಡಾದ ಕ್ವಿಬೆಕ್ ಕೂತಿರೋದು ಹಳೇ ಗಟ್ಟಿ ಬಂಡೆ ಮೇಲೆ, ಅದರಲ್ಲಿ ಕರೆಂಟು ಸುಲಭವಾಗಿ ಹರಿಯಲ್ಲ, ಅದಕ್ಕೆ ಸಿಕ್ಕಿದ ಸುಲಭದ ದಾರಿ ಅಂದ್ರೆ 735 ಕೆವಿ ಲೈನುಗಳೇ. ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಅರ್ಥಿಂಗಿಂದ (ನೆಲಕ್ಕೆ ಜೋಡಿಸಿರೋ ತಂತಿಯಿಂದ) ಮೇಲೆ ಹತ್ತಿ ಬರತ್ತೆ, ಅದೂ ಡೀಸಿ ಥರ ಒಂದೇ ಕಡೆ ಹರಿಯೋ ನಿಧಾನದ ಕರೆಂಟು. ಟ್ರಾನ್ಸ್‌ಫಾರ್ಮರ್ ಒಳಗಿನ ಕಬ್ಬಿಣದ ಕೋರ್ ಅರ್ಧ ಸೈಕಲ್‌ನಲ್ಲಿ ಸ್ಯಾಚುರೇಟ್ ಆಗತ್ತೆ (ಇನ್ನು ಕಾಂತೀಯತೆ ಹಿಡಿಸಲ್ಲ), ಟ್ರಾನ್ಸ್‌ಫಾರ್ಮರ್ ಗೂಂ ಅಂತ ಸದ್ದು ಬದಲಿಸತ್ತೆ, ಹಾರ್ಮೋನಿಕ್ಸ್ (ಬೇಡದ ಫ್ರೀಕ್ವೆನ್ಸಿಗಳು) ತುಂಬ್ಕೊಳತ್ತೆ, ವೋಲ್ಟೇಜ್ ಹಿಡಿದು ನಿಲ್ಲಿಸೋ ರಿಯಾಕ್ಟಿವ್ ಪವರ್ ಕುಡಿಯಕ್ಕೆ ಶುರು ಮಾಡತ್ತೆ.

1989ರ ಮಾರ್ಚ್ 13, ರಾತ್ರಿ 2:44. ವೋಲ್ಟೇಜ್ ಹಿಡಿದು ನಿಲ್ಲಿಸಬೇಕಾಗಿದ್ದ 7 ಸ್ಟ್ಯಾಟಿಕ್ ಕಾಂಪೆನ್ಸೇಟರ್‌ಗಳು ಆ ಹಾರ್ಮೋನಿಕ್ಸನ್ನ ಫಾಲ್ಟ್ ಅಂದ್ಕೊಂಡು ಒಂದರ ಹಿಂದೆ ಒಂದು ಟ್ರಿಪ್ ಆದ್ವು, ಅಂದ್ರೆ ತಾವೇ ಆಫ್ ಆದ್ವು. ಒಂದೂವರೆ ನಿಮಿಷದಲ್ಲಿ ಇಡೀ ಗ್ರಿಡ್ ಮಲಗ್ತು. 60 ಲಕ್ಷ ಜನಕ್ಕೆ ಕರೆಂಟಿಲ್ಲ, 9 ತಾಸು, ಆ ಚಳೀಲಿ. ನನ್ನ ಕೇಳಿದ್ರೆ ಅಲ್ಲಿ ಗ್ರಿಡ್ ಕೆಡವಿದ್ದು ಬಿರುಗಾಳಿ ಒಂದೇ ಅಲ್ಲ, ಫಾಲ್ಟ್ ಕಂಡ್ರೆ ಆಫ್ ಮಾಡೋ ರಿಲೇಗಳ ಸೆಟ್ಟಿಂಗೂ ಕೂಡ. ಆಮೇಲೆ ಅವರು ಸೆಟ್ಟಿಂಗ್ ಬದಲಾಯಿಸಿದ್ರು, ಲೈನುಗಳಿಗೆ ಸೀರೀಸ್ ಕೆಪಾಸಿಟರ್ ಹಾಕಿದ್ರು, ಅದು ಡೀಸೀನ ಹರಿಯಕ್ಕೆ ಬಿಡಲ್ಲ. 2003ರ ಅಕ್ಟೋಬರ್ ಕೊನೇಲಿ ಸ್ವೀಡನ್ನಿನ ಮಾಲ್ಮೋದಲ್ಲೂ ಇದೇ ಕಥೆ, ಸಣ್ಣ ಪ್ರಮಾಣದಲ್ಲಿ, 50 ಸಾವಿರ ಗ್ರಾಹಕರಿಗೆ ಕರೆಂಟ್ ಹೋಗಿತ್ತು.

ವಿಂಡೋಸೀಟ್:
ವಿಮಾನದ ವಿಷ್ಯ ಯಾರೂ ಎತ್ಲಿಲ್ಲ. 2021ರ ಜನವರೀಲಿ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ಫ್ಲೈಟು ಉತ್ತರ ಧ್ರುವದ ಮೇಲೆ ಹಾದು ಬಂತಲ್ಲ, ಪೂರ್ತಿ ಮಹಿಳಾ ಪೈಲಟ್‌ಗಳು ಇದ್ದಿದ್ದು. ಅಲ್ಲಿ 82 ಡಿಗ್ರಿ ದಾಟಿದ್ಮೇಲೆ ಸಮಭಾಜಕದ ಮೇಲಿರೋ ಸ್ಯಾಟಲೈಟ್‌ಗಳು ಸಿಗಲ್ಲ, ಎಚ್ಎಫ್ (ದೂರಕ್ಕೆ ಮುಟ್ಟೋ ಶಾರ್ಟ್‌ವೇವ್) ರೇಡಿಯೋನೇ ಮುಖ್ಯ ಆಸರೆ. ದೊಡ್ಡ ಸೌರ ಸ್ಫೋಟ ಆದ್ರೆ ಪ್ರೋಟಾನ್‌ಗಳು ಧ್ರುವದ ನೆತ್ತಿಗೇ ಇಳಿದು ಆ ರೇಡಿಯೋನ ನುಂಗಿಬಿಡ್ತವೆ. ಹಾಗಾಗಿ ಅಂಥ ದಿನ ಏರ್‌ಲೈನ್‌ನವ್ರು ರೂಟ್ ದಕ್ಷಿಣಕ್ಕೆ ತಿರುಗಿಸ್ತಾರೆ, ಎಣ್ಣೆ ಜಾಸ್ತಿ ಸುಡತ್ತೆ, ಟೈಮೂ ಜಾಸ್ತಿ.

ಮಲ್ನಾಡ್_ಮಳೆ:
ವಾವ್, ಇಷ್ಟೆಲ್ಲಾ ಇದೆಯಾ. ಹಾಗಾದ್ರೆ 2024ರ ಮೇನಲ್ಲಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಯ್ತು ಅಂತ ನ್ಯೂಸ್ ಬಂತಲ್ಲ, ಉಂಗುರ ಅಲ್ಲಿಗೂ ಬಂತಾ? ಇನ್ನೊಂದು, ಮುಂದಿನ ಸಲ ಅಕ್ಕನಿಗೆ ಮೊದಲೇ ಹೇಳಕ್ಕಾಗತ್ತಾ?

ಫಿಸಿಕ್ಸ್_ಮೇಷ್ಟ್ರು:
ಬಿರುಗಾಳಿ ಜೋರಾದ ಹಾಗೆ ಉಂಗುರ ಹಿಗ್ಗಿ ಕೆಳಗಿಳಿಯತ್ತೆ ನಿಜ, ಆದ್ರೆ ಹಾನ್ಲೆ ತನಕ ಬರಲ್ಲ. ಅಲ್ಲಿ ಕಂಡಿದ್ದು ತುಂಬಾ ಎತ್ತರದಲ್ಲಿ ಆಕ್ಸಿಜನ್ ಬಿಡೋ ಕೆಂಪು ಬೆಳಕು. ಅದನ್ನ ಹಿಡಿದ ಕ್ಯಾಮೆರಾಗಳು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದವು. ಅಂಥ ಬಿರುಗಾಳೀಲಿ ನಮ್ಮ ಕಡೆನೂ ಗೆರೆ ಬೀಳತ್ತೆ, ಆದ್ರೆ ಕಾರಣ ಬೇರೆ, ಭೂಮಿ ಸುತ್ತ ದೂರದಲ್ಲಿ ಹರಿಯೋ ಇನ್ನೊಂದು ಕರೆಂಟು. 1859ರ ದೊಡ್ಡ ಸೌರ ಬಿರುಗಾಳೀಲಿ ಮುಂಬೈನ ಕೊಲಾಬಾದಲ್ಲಿ 1600 ನ್ಯಾನೋಟೆಸ್ಲಾ ಆಸುಪಾಸು ಬಿದ್ದಿದ್ದು ದಾಖಲಾಗಿದೆ.

ಎರಡನೇದಕ್ಕೆ, ಮೋಡ ಹೊರಟಿದ್ದು ಒಂದೆರಡು ದಿನ ಮೊದಲೇ ಗೊತ್ತಾಗತ್ತೆ, ಆದ್ರೆ ಅದರ ಕ್ಷೇತ್ರ ಯಾವ ಕಡೆ ಮುಖ ಮಾಡಿದೆ ಅನ್ನೋದು ಖಚಿತ ಆಗೋದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಮೀ ದೂರದ ಎಲ್1 ಬಿಂದು ದಾಟೋವಾಗ. ನಮ್ಮ ಆದಿತ್ಯ ಎಲ್1 ನೌಕೆ ಅಲ್ಲೇ ಇದೆ, ಅದರಲ್ಲೂ ಮ್ಯಾಗ್ನೆಟೋಮೀಟರ್ ಇದೆ. ಅಲ್ಲಿಂದ ಇಲ್ಲಿಗೆ ಬರಕ್ಕೆ ಕಾಲು ಗಂಟೆಯಿಂದ ಒಂದು ಗಂಟೆ. ಅಕ್ಕನ ಆ್ಯಪಲ್ಲಿ ಬಿಝಡ್ ಅಂತ ಒಂದು ನಂಬರ್ ಇರತ್ತೆ, ಬರ್ತಿರೋ ಕ್ಷೇತ್ರ ಉತ್ತರಕ್ಕಿದ್ರೆ ಪ್ಲಸ್, ದಕ್ಷಿಣಕ್ಕಿದ್ರೆ ಮೈನಸ್, ಅದು ಮೈನಸ್ 10ಕ್ಕಿಂತ ಕೆಳಗೆ ಹೋಗಿ ಅಲ್ಲೇ ಕೂತ್ರೆ ಜಾಕೆಟ್ ಹಾಕ್ಕೊಂಡು ಹೊರಗೆ ಬರಕ್ಕೆ ಹೇಳಿ. ಕೆಪಿ (ಬಿರುಗಾಳಿಯ ಜೋರು ಹೇಳೋ) ನಂಬರ್ ನೋಡ್ಕೊಂಡು ಕೂರೋದು ಬೇಡ, ಅದು ಮೂರು ಗಂಟೆಗೊಂದು ಸಲದ ಲೆಕ್ಕ, ಅಷ್ಟೊತ್ತಿಗೆ ಆಟ ಮುಗಿದಿರತ್ತೆ.