ಸಹಾಯ ಬೇಕು: ಮನೆಯಲ್ಲೇ ಉಳಿದು ರೋಗಿ ನೋಡಿಕೊಳ್ಳುವವರ ರಾತ್ರಿ ಲೆಕ್ಕ ಹೇಗೆ?

ನಮಸ್ಕಾರ. ಇಂಥವರಿಗಾಗಿ ಒಂದು ಒಪ್ಪಂದದ ಕರಡು ಸಿದ್ಧವಾಗುತ್ತಿದೆ. ವಾರಕ್ಕೊಮ್ಮೆ ಸತತ 24 ಗಂಟೆ ಬಿಡುವು, ಪಾಸ್‌ಪೋರ್ಟ್ ಮತ್ತು ಗುರುತಿನ ಚೀಟಿ ಅವರ ಕೈಯಲ್ಲೇ. ಇವೆರಡೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ (ಐಎಲ್‌ಒ) ಮನೆಗೆಲಸದವರ ಕುರಿತ 2011ರ 189ನೇ ಒಡಂಬಡಿಕೆಯಲ್ಲೇ ಇವೆ, ತಕರಾರಿಲ್ಲ.

ತೊಡಕಿರೋದು ರಾತ್ರಿಯದ್ದು. ‘ಮಲಗಿದ್ರಲ್ಲ’ ಅಂತ ಮನೆಯವರು ದುಡಿಮೆಯ ಲೆಕ್ಕದಿಂದ ಎಂಟು ಗಂಟೆ ಸಲೀಸಾಗಿ ಕಳೆದುಬಿಡ್ತಾರೆ. ಆದರೆ 11ಕ್ಕೆ ರೋಗಿಯ ಮಗ್ಗುಲು ಬದಲಿಸಬೇಕು, 1ಕ್ಕೆ ಮಗ್ಗುಲಿನ ಜೊತೆ ಡೈಪರ್, 3ಕ್ಕೆ ಮತ್ತೆ ಮಗ್ಗುಲು. ಹೊರಳಿಸದೆ ಬಿಟ್ಟರೆ ಒತ್ತಡ ಬಿದ್ದ ಕಡೆ ರಕ್ತ ಓಡದೆ ಬೆಡ್‌ಸೋರ್ (ಹಾಸಿಗೆ ಹುಣ್ಣು) ಆಗುತ್ತೆ. ಇದನ್ನ ನಿದ್ದೆ ಅನ್ನೋದಾ?

ಹಾಸಿಗೆ ಪಕ್ಕ ನೋಟ್‌ಬುಕ್ ಇಟ್ಟು ಎದ್ದ ಸಮಯ, ಮಾಡಿದ ಕೆಲಸ, ಮತ್ತೆ ಮಲಗಿದ ಸಮಯ ಬರೆದು ಬೆಳಿಗ್ಗೆ ಮನೆಯವರ ಸಹಿ ಹಾಕಿಸುವ ಷರತ್ತು ಸೇರಿಸಿದ್ದೇವೆ. ಎಷ್ಟು ಸಲ ಎದ್ದರೆ ಇಡೀ ರಾತ್ರಿಯನ್ನೇ ದುಡಿಮೆ ಅಂತ ಬರೆಯಬೇಕು? ಬಳಕೆಯಲ್ಲಿರುವ ಒಪ್ಪಂದದ ವಾಕ್ಯ ಇದ್ದರೆ, ಹೆಸರು ಅಳಿಸಿ ಇಲ್ಲಿ ಹಾಕಿ.