ಆರು ಜನರ ಮನೆ, ಐದು ಬಾಗಿಲಿನ ಹಾಲ್: ಈ ಪ್ಲಾನ್ ಬಗ್ಗೆ ಸಲಹೆ ಬೇಕು

ಪ್ರಶ್ನೆ

ನಮ್ಮ ಹೊಸ ಮನೆಯ ಮೊದಲ ಪ್ಲಾನ್ ಕೈಗೆ ಬಂದಿದೆ. ಸುತ್ತ ಜಾಗ ಬಿಟ್ಟ ಮೇಲೆ ಕಟ್ಟಲು ಸಿಗುವುದು 25 ಅಡಿ ಅಗಲ, 38 ಅಡಿ ಉದ್ದ. ನೆಲಮಹಡಿ, ಅದರ ಮೇಲೊಂದು ಮಹಡಿ. ಎರಡೂ ಪಕ್ಕದಲ್ಲಿ ಮನೆಗಳಿವೆ, ಹಾಗಾಗಿ ಬೆಳಕು ಬರುವುದು ಮುಂದಿನಿಂದ ಮತ್ತು ಹಿಂದಿನಿಂದ ಮಾತ್ರ.

ಇರುವವರು ಆರು ಜನ. ಅತ್ತೆ, ಮಾವ, ನಾವಿಬ್ಬರು, ಹೈಸ್ಕೂಲಿಗೆ ಹೋಗುವ ಮಗಳು, ಇನ್ನೂ ಶಾಲೆಗೆ ಸೇರದ ಮಗ. ಅತ್ತೆಗೆ ಮೊಣಕಾಲು ನೋವು. ಆದರೂ ಮೇಲಿನ ಮೊಮ್ಮಕ್ಕಳ ಕೋಣೆಗೆ ತಾವೇ ಹತ್ತಿ ಹೋಗಬೇಕು ಅನ್ನುವ ಆಸೆ. ಮಾವನಿಗೆ ಕಿವಿ ಸ್ವಲ್ಪ ಮಂದ, ಟಿವಿ ಜೋರಾಗಿಯೇ ಇರುತ್ತದೆ. ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ, ದಿನಕ್ಕೆ ನಾಲ್ಕೈದು ಗಂಟೆ ಫೋನಿನಲ್ಲೇ ಇರುತ್ತೇನೆ.

ಪ್ಲಾನ್ ಹೀಗಿದೆ. ಕೆಳಗೆ ಮುಂಭಾಗದಲ್ಲಿ 14 ಬೈ 16 ಹಾಲ್, ಅದರ ಒಂದು ಗೋಡೆಯ ಪಕ್ಕದಲ್ಲೇ ನೇರ ಮೆಟ್ಟಿಲು. ಹಿಂದೆ ಊಟದ ಜಾಗ, 8 ಬೈ 10 ಅಡುಗೆಮನೆ. ಅತ್ತೆ ಮಾವನಿಗೆ 10 ಬೈ 10 ಕೋಣೆ, 4 ಬೈ 7 ಬಾತ್‌ರೂಮ್. ಮೇಲೆ ಎರಡು ಬೆಡ್‌ರೂಮ್. ಹಾಲಿನ ಅರ್ಧದಷ್ಟು ಭಾಗ, ಸುಮಾರು 10 ಬೈ 12, ಡಬಲ್ ಹೈಟ್, ಅಂದರೆ ಅಲ್ಲಿ ಮೇಲಿನ ಮಹಡಿಯ ನೆಲ ಇಲ್ಲ, ಚಾವಣಿಯವರೆಗೂ ತೆರೆದ ಜಾಗ. ಒಂದು ನೆಲದಿಂದ ಇನ್ನೊಂದು ನೆಲಕ್ಕೆ ಹತ್ತೂವರೆ ಅಡಿ. ಹಾಲಿಗೆ ಬಂದು ಸೇರುವ ಬಾಗಿಲು ಒಟ್ಟು ಐದು.

ಡಬಲ್ ಹೈಟ್ ನಮ್ಮವರ ಬಹಳ ದಿನದ ಆಸೆ. ಸುಮ್ನೆ ಬೇಡ ಅನ್ನಲು ನನಗೆ ಮನಸ್ಸಿಲ್ಲ, ಆದರೆ ನನ್ನ ಕೆಲಸದ ಕೋಣೆ ಈ ಪ್ಲಾನಿನಲ್ಲಿ ಎಲ್ಲೂ ಇಲ್ಲ. ಅಡುಗೆಮನೆ ಓಪನ್ ಇರಲಿ ಎಂದು ನಾನು, ಹೊಗೆ ಹಾಲಿಗೆ ಬರುತ್ತದೆ ಬೇಡ ಎಂದು ಅತ್ತೆ. ನನಗೆ ಎಲ್ಲಕ್ಕಿಂತ ಮುಖ್ಯ ಆ ಹಿರಿಯರಿಬ್ಬರ ಕೋಣೆ. ಇನ್ನು ಇಪ್ಪತ್ತು ವರ್ಷ ಅವರು ಅಲ್ಲಿ ಆರಾಮವಾಗಿ ಇರಬೇಕು. ಎಲ್ಲಿಂದ ಜಾಗ ತೆಗೆದು ಎಲ್ಲಿಗೆ ಕೊಡಲಿ?

ಉತ್ತರ 1

ಮನೆ ಪ್ಲಾನ್ ಬಿಡಿಸುವುದೇ ನನ್ನ ಕೆಲಸ. ಮೊದಲು ಒಂದು ಕೆಲಸ ಮಾಡಿ: ಪ್ಲಾನಿನಲ್ಲಿ ಮೆಟ್ಟಿಲಿನ ಗೆರೆಗಳನ್ನು ಎಣಿಸಿ. 14 ಬೈ 16 ಹಾಲಿನೊಳಗೆ ನೇರ ಮೆಟ್ಟಿಲು, ಹತ್ತೂವರೆ ಅಡಿ ಎತ್ತರ ಅಂದ ಕೂಡಲೇ ನನಗೆ ಅನುಮಾನ ಬಂತು.

ಹತ್ತೂವರೆ ಅಡಿ ಅಂದರೆ 126 ಇಂಚು. ಒಂದು ಮೆಟ್ಟಿಲು 7 ಇಂಚು ಎತ್ತರ ಇದ್ದರೆ 18 ಸಲ ಕಾಲು ಎತ್ತಬೇಕು, ನಡುವೆ 17 ತುಳಿಯುವ ಹಲಗೆಗಳು. ಒಂದೊಂದು 10 ಇಂಚು ಅಗಲ ಅಂದರೂ ನೇರ ಮೆಟ್ಟಿಲಿಗೆ 14 ಅಡಿ 2 ಇಂಚು ಉದ್ದ ಬೇಕು. ಕೆಳಗೆ ಮತ್ತು ಮೇಲೆ ನಿಲ್ಲುವ ಜಾಗ ಬೇರೆ. ನಿಮ್ಮ ಪ್ಲಾನಿನಲ್ಲಿ 14 ಮೆಟ್ಟಿಲಷ್ಟೇ ಇದ್ದರೆ ಒಂದೊಂದೂ 9 ಇಂಚು ಆಗುತ್ತದೆ. ಮೊಣಕಾಲು ನೋವಿರುವವರಿಗೆ ಅದು ಆಗದ ಮಾತು.

17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೊಂಡೆಲ್ ಎಂಬುವರು ಕೊಟ್ಟ ಲೆಕ್ಕವನ್ನೇ ನಾವು ಇಂದಿಗೂ ಬಳಸುತ್ತೇವೆ. ಎತ್ತರವನ್ನು ಎರಡರಿಂದ ಗುಣಿಸಿ, ಅಗಲವನ್ನು ಕೂಡಿಸಿದರೆ 24-25 ಇಂಚಿನ ಹತ್ತಿರ ಬರಬೇಕು. 7 ಮತ್ತು 10 ಅಂದರೆ 24, ಸರಿ. 9 ಮತ್ತು 10 ಅಂದರೆ 28. ಹೆಜ್ಜೆ ತಪ್ಪುವುದು ಅಂಥ ಮೆಟ್ಟಿಲಿನಲ್ಲೇ.

ನಡುವೆ ತಿರುಗುವ ಮೆಟ್ಟಿಲು ಮಾಡಿಸಿ. ಒಂಬತ್ತು ಒಂಬತ್ತರ ಎರಡು ಭಾಗ, ನಡುವೆ 3 ಅಡಿಯ ಲ್ಯಾಂಡಿಂಗ್. ಸುಮಾರು ಆರೂವರೆ ಅಡಿ ಅಗಲ, ಹತ್ತು ಅಡಿ ಉದ್ದದಲ್ಲಿ ಕೂರುತ್ತದೆ. ಅತ್ತೆಯವರಿಗೆ ಅರ್ಧ ದಾರಿಯಲ್ಲಿ ನಿಂತು ಉಸಿರು ಬಿಡಲು ಜಾಗವೂ ಸಿಗುತ್ತದೆ. ಲ್ಯಾಂಡಿಂಗ್ ಕೆಳಗೆ ಟಾಯ್ಲೆಟ್ ಇಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಲ್ಯಾಂಡಿಂಗ್ ಇರುವುದು 5 ಅಡಿ 3 ಇಂಚು ಎತ್ತರದಲ್ಲಿ. ಸ್ಲ್ಯಾಬಿನ ದಪ್ಪ ಕಳೆದರೆ ಒಳಗೆ ನಿಲ್ಲಲಾಗದು. ಸಾಮಾನು ಇಡಲು ಮಾತ್ರ ಅದು ಚೆನ್ನ.

ಇನ್ನು ಆ 10 ಬೈ 10 ಕೋಣೆ. ಆ ಅಳತೆ ಗೋಡೆಯ ಒಳಗಿನದೋ, ಗೋಡೆಯ ನಡುವಿನಿಂದ ನಡುವಿಗೆ ಹಿಡಿದದ್ದೋ ಕೇಳಿ. ಹೊರಗೋಡೆ 9 ಇಂಚು, ಒಳಗೋಡೆ ನಾಲ್ಕೂವರೆ ಇಂಚು ಇದ್ದು ನಡುವಿನಿಂದ ಹಿಡಿದಿದ್ದರೆ, ಪ್ಲಾಸ್ಟರ್ ಆದ ಮೇಲೆ ಒಳಗೆ ಉಳಿಯುವುದು 9 ಅಡಿ 4 ಇಂಚು. ಆರೂವರೆ ಅಡಿ ಮಂಚ, ಅದರ ಕಾಲ ಕಡೆ 2 ಅಡಿ ವಾರ್ಡ್‌ರೋಬ್ ಇಟ್ಟರೆ ನಡುವೆ ಇರುವುದು 10 ಇಂಚು. ಬಾಗಿಲು ತೆರೆಯುವುದೇ ಇಲ್ಲ. 11 ಬೈ 13 ಕ್ಕಿಂತ ಕಡಿಮೆ ಬೇಡ. ಡಬಲ್ ಹೈಟ್ ಬಿಟ್ಟುಬಿಡಿ, ನಿಮ್ಮ ಕೆಲಸದ ಕೋಣೆ ಇರುವುದು ಅಲ್ಲೇ.

ಉತ್ತರ 2

ನಮ್ಮ ತಂದೆಗೆ ಪಾರ್ಶ್ವವಾಯು ಆದಮೇಲೆ ಕೊನೆಯವರೆಗೂ ನಾನೇ ನೋಡಿಕೊಂಡೆ. ಹಾಗಾಗಿ ನಿಮ್ಮ ಪ್ಲಾನಿನಲ್ಲಿ ನನ್ನ ಕಣ್ಣು ಹೋಗಿದ್ದು ನೇರ ಆ 4 ಬೈ 7 ಬಾತ್‌ರೂಮಿಗೆ.

ಮೊದಲು ಬಾಗಿಲು. ಬಾತ್‌ರೂಮಿಗೆ ಎಲ್ಲರೂ ಎರಡೂವರೆ ಅಡಿ ಬಾಗಿಲು ಇಡುತ್ತಾರೆ. ಚೌಕಟ್ಟು, ಬಾಗಿಲಿನ ದಪ್ಪ ಕಳೆದರೆ ದಾಟಲು ಸಿಗುವುದು 26-27 ಇಂಚು. ಗಾಲಿಕುರ್ಚಿಯ ಅಗಲವೇ ಹೆಚ್ಚುಕಡಿಮೆ ಅಷ್ಟಿರುತ್ತದೆ, ಜೊತೆಗೆ ತಳ್ಳುವವರ ಕೈ, ಕೂತವರ ಮೊಣಕೈ. ಪೂರ್ತಿ ತೆರೆದಾಗ 32 ಇಂಚು ಖಾಲಿ ಸಿಗಬೇಕು. ಅದಕ್ಕೆ 3 ಅಡಿಯ ಬಾಗಿಲು ಬೇಕು. ಈಗ ಗಾಲಿಕುರ್ಚಿ ಯಾರಿಗೂ ಬೇಡ, ಬಾರದೇ ಇರಲಿ. ವಾಕರ್ ಹಿಡಿದರೂ, ಇಬ್ಬರು ಆಚೀಚೆ ಹಿಡಿದುಕೊಂಡು ಹೋದರೂ ಅದೇ ಅಗಲ ಬೇಕು.

ಎರಡನೆಯದು, ಬಾಗಿಲು ಒಳಗೆ ತೆರೆಯುವುದು ಬೇಡವೇ ಬೇಡ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾಗಿ ಬಿದ್ದರೆ ಹೊರಗಿನಿಂದ ತಳ್ಳಲು ಆಗುವುದಿಲ್ಲ. ಹೊರಗೆ ತೆರೆಯಲಿ, ಇಲ್ಲ ಪಕ್ಕಕ್ಕೆ ಸರಿಯಲಿ. ಚಿಲಕ ಹೊರಗಿನಿಂದಲೂ ತೆಗೆಯುವಂಥದ್ದು ಇರಲಿ.

ಅಗಲವನ್ನು ಐದೂವರೆ ಅಡಿಗೆ, ಉದ್ದವನ್ನು 8 ಅಡಿಗೆ ಏರಿಸಿ. ಗಾಲಿಕುರ್ಚಿ ಪೂರ್ತಿ ತಿರುಗಲು 5 ಅಡಿಯ ವೃತ್ತ ಬೇಕು. ಕಮೋಡಿನ ನಡುವಿನಿಂದ ಪಕ್ಕದ ಗೋಡೆಗೆ 15 ಇಂಚಾದರೂ ಇರಲಿ, 18 ಇದ್ದರೆ ಒಳ್ಳೆಯದು. ಹಿಡಿಕೆ ಕೂರಿಸುವುದು ನೆಲದಿಂದ 33 ರಿಂದ 36 ಇಂಚು ಎತ್ತರದಲ್ಲಿ, ಆ ಗೋಡೆ ಗಟ್ಟಿ ಇಟ್ಟಿಗೆಯದೇ ಆಗಿರಲಿ. ಹೊಸ್ತಿಲಿನಂತೆ ಎತ್ತರಿಸಿದ ಕಲ್ಲು ಬೇಡ. ನೆಲವನ್ನೇ ಸ್ನಾನದ ಮೂಲೆಗೆ ಇಳಿಜಾರು ಮಾಡಿಸಿ.

ಮಂಚ ಎಲ್ಲಿ ಬರುತ್ತದೆ ಎಂದು ಈಗಲೇ ಗುರುತಿಸಿ. ಅತ್ತೆಯವರು ಮಲಗುವ ಬದಿಯಿಂದ ಬಾತ್‌ರೂಮಿನ ಬಾಗಿಲಿಗೆ ಮಂಚ ಸುತ್ತದೆ, ನೇರ ದಾರಿ ಇರಬೇಕು. ರಾತ್ರಿ ನಿದ್ದೆಗಣ್ಣಿನಲ್ಲಿ ನಡೆಯುವ ದಾರಿ ಅದು.

ಉತ್ತರ 3

ಮೊದಲನೆಯ ಉತ್ತರದ ಜೊತೆ ನನ್ನದು ಅರ್ಧ ಒಪ್ಪಿಗೆ, ಅರ್ಧ ತಕರಾರು. ನಿಮ್ಮವರು ಡಬಲ್ ಹೈಟ್ ಕೇಳುತ್ತಿರುವುದು ಯಾಕೆ ಎಂದು ಒಮ್ಮೆ ಕೇಳಿ ನೋಡಿ. ಎರಡೂ ಬದಿ ಮುಚ್ಚಿದ ಮನೆಯಲ್ಲಿ ಹಾಗೆ ಕೇಳುವವರಿಗೆ ಬೇಕಾಗಿರುವುದು ಬಹುಪಾಲು ಬೆಳಕು.

ಕಿಟಕಿಯ ಮೇಲಂಚು ಎಷ್ಟು ಎತ್ತರ ಇರುತ್ತದೋ ಅದರ ಎರಡು, ಎರಡೂವರೆ ಪಟ್ಟು ದೂರದವರೆಗೆ ಹಗಲು ಬೆಳಕು ಚೆನ್ನಾಗಿ ತಲುಪುತ್ತದೆ ಎಂಬುದು ಅಂದಾಜು. ಲಿಂಟಲ್, ಅಂದರೆ ಕಿಟಕಿಯ ಮೇಲಿನ ಅಡ್ಡತೊಲೆ, 7 ಅಡಿಯಲ್ಲಿದ್ದರೆ ಸುಮಾರು 15 ಅಡಿ. ಮುಂದಿನಿಂದ 15, ಹಿಂದಿನಿಂದ 15. ನಿಮ್ಮ 38 ಅಡಿಯಲ್ಲಿ ನಡುವಿನ ಎಂಟು ಅಡಿ ಹಗಲಲ್ಲೂ ಮಬ್ಬು. ನಡುವೆ ಗೋಡೆ ಬಂದರೆ ಇನ್ನೂ ಜಾಸ್ತಿ. ಹಾಲಿನ ಮುಂಭಾಗಕ್ಕೆ ಹೇಗಿದ್ದರೂ ಕಿಟಕಿ ಇದೆ, ಅಲ್ಲಿ ಡಬಲ್ ಹೈಟ್ ಮಾಡಿದರೆ ಬೆಳಕು ಇರುವ ಕಡೆಗೇ ಇನ್ನಷ್ಟು ಬೆಳಕು. ಮಾವನವರ ಟಿವಿ ಸದ್ದೂ ನೇರ ಮಗಳು ಓದುವಲ್ಲಿಗೆ.

ಆ ಹೊಸ ಮೆಟ್ಟಿಲನ್ನು ಮನೆಯ ನಡುವೆ ತನ್ನಿ. ಅದರ ಮೇಲೆ ಚಾವಣಿಯನ್ನು ಸ್ವಲ್ಪ ಎತ್ತರಿಸಿ ಗಾಜು ಹಾಕಿಸಿ, ಪಕ್ಕದಲ್ಲಿ ತೆರೆಯುವ ಸಣ್ಣ ಕಿಟಕಿಗಳಿರಲಿ. ಮೇಲಿನಿಂದ ಬೆಳಕು ಎರಡು ಮಹಡಿಗೂ ಇಳಿಯುತ್ತದೆ. ಬಿಸಿ ಗಾಳಿ ಮೇಲೇರಿ ಅಲ್ಲಿಂದಲೇ ಹೊರಗೆ ಹೋಗುತ್ತದೆ. ಇದಕ್ಕಾಗಿ ಬೇರೆ ಜಾಗ ಕೊಡಬೇಕಿಲ್ಲ, ಮೆಟ್ಟಿಲಿಗೆ ಆ ತೂತು ಹೇಗೂ ಬೇಕು ಅಲ್ವಾ? ಎತ್ತರದ ಜಾಗದ ಕೆಳಗೆ ನಿಂತು ಮೇಲೆ ನೋಡುವ ಖುಷಿ ನಿಮ್ಮವರಿಗೂ ಸಿಗುತ್ತದೆ.

ಐದು ಬಾಗಿಲುಗಳಿಗೂ ಮದ್ದು ಇದರಲ್ಲೇ ಇದೆ. ಎರಡು ಬಾಗಿಲುಗಳ ನಡುವೆ ಜನ ನಡೆಯುವ ಗೆರೆಯನ್ನು ಪ್ಲಾನಿನ ಮೇಲೆ ಪೆನ್ಸಿಲಿನಲ್ಲಿ ಎಳೆಯಿರಿ. ಹಾಲ್ ಚೂರು ಚೂರಾಗಿ ಕಾಣುತ್ತದೆ, ಕೂರಲು ಒಂದು ಪೂರ್ತಿ ಮೂಲೆ ಸಿಗುವುದಿಲ್ಲ. ಮೂರು ಜನರ ಸೋಫಾ ಒಂದೇ 7 ಅಡಿ. ಕೋಣೆ, ಅಡುಗೆಮನೆ, ಟಾಯ್ಲೆಟ್ ಬಾಗಿಲುಗಳೆಲ್ಲ ಮೆಟ್ಟಿಲಿನ ಸುತ್ತ ತೆರೆಯಲಿ. ಹಾಲಿಗೆ ಮುಂಬಾಗಿಲು ಮತ್ತು ಒಳಗೆ ಹೋಗುವ ಒಂದು ದಾರಿ ಸಾಕು.

ಉತ್ತರ 4

ಅಡುಗೆಮನೆ ಬಗ್ಗೆ ಮಾತ್ರ ಹೇಳುತ್ತೇನೆ. ನಾನು, ನಮ್ಮ ಅತ್ತೆ ದಿನಾ ಒಟ್ಟಿಗೆ ಅಡುಗೆ ಮಾಡುತ್ತೇವೆ.

ಒಲೆ, ಸಿಂಕ್, ಫ್ರಿಜ್ ಈ ಮೂರರ ನಡುವಿನ ತ್ರಿಕೋನದ ಬಗ್ಗೆ ಎಲ್ಲರೂ ಹೇಳುತ್ತಾರೆ. ಮೂರು ಬದಿ ಸೇರಿ 13 ರಿಂದ 26 ಅಡಿ ಇರಬೇಕು ಎಂದು. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಲೆಕ್ಕ ಅದು. ಒಬ್ಬರೇ ಅಡುಗೆ ಮಾಡುವವರಿಗೆ ಇವತ್ತಿಗೂ ಸರಿ. ಇಬ್ಬರಿದ್ದಾಗ ಮುಖ್ಯವಾಗುವುದು ನಡುವಿನ ದಾರಿ. 8 ಅಡಿ ಅಗಲದಲ್ಲಿ ಎರಡೂ ಕಡೆ 2 ಅಡಿ ಕಟ್ಟೆ ಹೋದರೆ 4 ಅಡಿ ಉಳಿಯುತ್ತದೆ. ಬೆನ್ನಿಗೆ ಬೆನ್ನು ತಾಗದೆ ಇಬ್ಬರು ಕೆಲಸ ಮಾಡಬಹುದು. ಅದರಲ್ಲಿ ಒಂದಿಂಚೂ ಬಿಟ್ಟುಕೊಡಬೇಡಿ. ಹಿತ್ತಲ ಬಾಗಿಲಿಗೆ ಹೋಗುವ ದಾರಿ ಒಲೆಯ ಮುಂದೆ ಹಾದುಹೋಗದಿರಲಿ, ಸಣ್ಣ ಮಗು ಬೇರೆ ಇದೆ.

ಓಪನ್ನೋ ಅಲ್ಲವೋ ಎಂದು ಜಗಳ ಬೇಡ. ಊಟದ ಜಾಗದ ಕಡೆ 5 ಅಡಿ ಅಗಲದ ಸರಿಯುವ ಗಾಜಿನ ಬಾಗಿಲು ಹಾಕಿಸಿ. ಮುಚ್ಚಿದಾಗಲೂ ಮಗ ಕಾಣುತ್ತಾನೆ. ಒಗ್ಗರಣೆ ಹೊತ್ತಿಗೆ ಅತ್ತೆಯವರು ಎಳೆದುಕೊಳ್ಳಲಿ. ಹೊಗೆ ಎಳೆಯುವ ಫ್ಯಾನಿನ ಕೊಳವೆ ಮಾತ್ರ ಹೊರಗಿನ ಗೋಡೆಗೇ ಹೋಗಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೆಟ್ಟಿಲು ಎಣಿಸಿದೆ, ಹದಿನಾಲ್ಕೇ ಇದೆ. ಕೋಣೆಯ ಅಳತೆಯೂ ಗೋಡೆಯ ನಡುವಿನಿಂದಲೇ ಹಿಡಿದದ್ದು.

ಭಾನುವಾರ ತಾರಸಿ ಮೇಲೆ ಸೀಮೆಸುಣ್ಣದಲ್ಲಿ ಹಿರಿಯರ ಕೋಣೆಯನ್ನು ನಿಜವಾದ ಅಳತೆಯಲ್ಲಿ ಬರೆದೆವು, ಮೊದಲು ಹಳೆಯದು, ಆಮೇಲೆ 11 ಬೈ 13. ಮಂಚದ ಜಾಗದಲ್ಲಿ ಚಾಪೆ ಹಾಸಿದೆವು. ಮಾವ ಒಂದೇ ಮಾತು ಹೇಳಿದರು: ಕಿಟಕಿ ಪಕ್ಕ ನನ್ನ ಕುರ್ಚಿ ಹಿಡಿಯಬೇಕು. ಹೊಸ ಅಳತೆಯಲ್ಲಿ ಹಿಡಿಯುತ್ತದೆ. ಅತ್ತೆ ಬಾತ್‌ರೂಮಿನ ಗೆರೆಯೊಳಗೆ ನಿಂತು ಕೈ ಚಾಚಿ, ಹಿಡಿಕೆ ಎಲ್ಲಿ ಬೇಕು ಎಂದು ತಾವೇ ತೋರಿಸಿದರು. ಅದನ್ನು ಅಳೆದು ಬರೆದಿಟ್ಟುಕೊಂಡಿದ್ದೇನೆ.

ನಮ್ಮವರಿಗೆ ಬೇಕಿದ್ದದ್ದು ನಿಜಕ್ಕೂ ಬೆಳಕೇ. ಮೆಟ್ಟಿಲು ನಡುವೆ ಬರುವುದು ಅವರಿಗೂ ಒಪ್ಪಿಗೆ. ಹಾಲ್ 14 ಬೈ 13 ಕ್ಕೆ ಇಳಿಯುತ್ತದೆ, ಮೆಟ್ಟಿಲು ಅದರಿಂದ ಹೊರಗೆ ಹೋಗುವುದರಿಂದ ಕೂರುವ ಜಾಗ ಕಡಿಮೆ ಏನೂ ಆಗುವುದಿಲ್ಲ. ಮೇಲೆ ನನ್ನ ಕೆಲಸದ ಕೋಣೆ ಬರುತ್ತದೆ, ಬಾಗಿಲು ಇರುವ ಕೋಣೆ. ಗಾಜಿನ ಬಾಗಿಲಿಗೆ ಅತ್ತೆ ಇನ್ನೂ ಹೂಂ ಅಂದಿಲ್ಲ, ಒರೆಸುವವರು ಯಾರು ಎಂದು ಕೇಳುತ್ತಿದ್ದಾರೆ. ಈ ಬದಲಾವಣೆಗಳನ್ನೆಲ್ಲ ಆರ್ಕಿಟೆಕ್ಟ್‌ಗೆ ಕಳಿಸಿದ್ದೇನೆ. ಮೇಲಿನ ಬಾತ್‌ರೂಮ್‌ಗಳನ್ನು ಎಲ್ಲಿ ಇಡಲಿ ಎಂದು ಅವರು ಕೇಳಿದ್ದಾರೆ.

ಉತ್ತರ 1

ಒಂದನ್ನು ಕೆಳಗಿನ ಬಾತ್‌ರೂಮಿನ ನೇರ ಮೇಲೆ, ಇನ್ನೊಂದನ್ನು ಅದಕ್ಕೆ ಬೆನ್ನು ಹಚ್ಚಿ. ಒಂದೇ ಡಕ್ಟ್‌ನಲ್ಲಿ, ಅಂದರೆ ಪೈಪುಗಳಿಗೆಂದೇ ಮೇಲಿನಿಂದ ಕೆಳಗಿನವರೆಗೆ ಬಿಡುವ ಕಿರಿದಾದ ಜಾಗದಲ್ಲಿ, 4 ಇಂಚಿನ ಪೈಪು ನೇರವಾಗಿ ಇಳಿಯಲಿ. ಊಟದ ಜಾಗದ ಮೇಲೆ, ಹಿರಿಯರ ಮಂಚದ ಮೇಲೆ ಬೇಡ: ಸೋರಿಕೆ ಇರಲಿ, ರಾತ್ರಿ ಫ್ಲಶ್ ಸದ್ದೇ ನಿದ್ದೆ ಕೆಡಿಸುತ್ತದೆ. ಡಕ್ಟ್ ಒಳಗೆ ಒಬ್ಬರು ಇಳಿದು ರಿಪೇರಿ ಮಾಡುವಷ್ಟು ಜಾಗ ಇಡಿಸಿ. ಪಿಲ್ಲರ್ ಗುರುತಿಸುವ ಮೊದಲೇ ಇದು ಪ್ಲಾನಿನಲ್ಲಿ ಬರಬೇಕು. ಹೊಸ ಪ್ಲಾನ್ ಬಂದಾಗ ಪಿಲ್ಲರ್ ಜಾಗಗಳ ಸಮೇತ ಇಲ್ಲಿ ಹಾಕಿ, ನೋಡುತ್ತೇನೆ.