ನಡಿಗೆ, ಪಥ್ಯ ಒಳ್ಳೆಯದು ಅಂತ ಗೊತ್ತಿದ್ದ ಮೇಲೂ ಅದರ ಪರೀಕ್ಷೆಗೆ ಸರ್ಕಾರದ ದುಡ್ಡು ಯಾಕೆ?

ಮುಂಗಾರು:
ದಿನಾ ನಡೆಯಿರಿ, ಬಾಯಿ ಕಟ್ಟಿ, ಹೊತ್ತಿಗೆ ಸರಿಯಾಗಿ ಮಲಗಿ. ಇದೆಲ್ಲ ಒಳ್ಳೆಯದು ಅಂತ ಯಾರಿಗೆ ಗೊತ್ತಿಲ್ಲ? ಹಾಗಿದ್ದ ಮೇಲೆ ಇದನ್ನೇ ಪರೀಕ್ಷೆ ಮಾಡಲು ಸರ್ಕಾರಗಳು ಕೋಟಿಗಟ್ಟಲೆ ಯಾಕೆ ಸುರಿಯಬೇಕು? ಅದೇ ದುಡ್ಡಲ್ಲಿ ಈಗಾಗಲೇ ಕಾಯಿಲೆ ಬಿದ್ದವರಿಗೆ ಔಷಧಿ ಕೊಡಬಹುದಲ್ವಾ? ವಾದಕ್ಕೆ ಕೇಳುತ್ತಿಲ್ಲ, ತಿಳಿದವರು ಹೇಳಿ.

ಲೆಕ್ಕದಮಾತು:
ಒಳ್ಳೆಯದು ಅಂತ ಗೊತ್ತಿದೆ, ನಿಜ. ಆದರೆ ಎಷ್ಟು ಮಾಡಿದರೆ ಎಷ್ಟು ಜನರಿಗೆ ಕಾಯಿಲೆ ತಪ್ಪುತ್ತದೆ ಅನ್ನುವುದು ಅಳೆದು ನೋಡದೆ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ 1996ರಲ್ಲಿ ಶುರುವಾದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ನೋಡಿ. ಮುಖ್ಯವಾಗಿ ಅಲ್ಲಿನ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ದುಡ್ಡಲ್ಲಿ ನಡೆದದ್ದು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3,234 ಜನ. ಒಂದು ಗುಂಪಿಗೆ ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ, ಇನ್ನೊಂದಕ್ಕೆ ಔಷಧಿಯಿಲ್ಲದ ಹುಸಿ ಮಾತ್ರೆ, ಮೂರನೆಯದಕ್ಕೆ ತೂಕ 7% ಇಳಿಸುವ, ವಾರಕ್ಕೆ 150 ನಿಮಿಷ ಮೈ ಬಗ್ಗಿಸುವ ಗುರಿ. ಸುಮಾರು ಮೂರು ವರ್ಷ ನೋಡಿದಾಗ, ಹುಸಿ ಮಾತ್ರೆಯವರಿಗಿಂತ ಮೆಟ್‌ಫಾರ್ಮಿನ್ ಗುಂಪಿನಲ್ಲಿ ಕಾಯಿಲೆ 31% ಕಡಿಮೆ, ನಡಿಗೆ-ಪಥ್ಯದವರಲ್ಲಿ 58% ಕಡಿಮೆ. ಮಾತ್ರೆಯನ್ನೇ ಹಿಂದೆ ಹಾಕುತ್ತದೆ ಅಂತ ಅಳೆಯದೆ ಯಾರು ಹೇಳಬಹುದಿತ್ತು?

ಇನ್ನು ದುಡ್ಡಿನ ಮಾತು. ಹೊಸ ಮಾತ್ರೆಗಾದರೆ ಕಂಪನಿ ಪೇಟೆಂಟ್ ಮಾಡಿಸಿ, ಪರೀಕ್ಷೆಗೆ ಹಾಕಿದ ದುಡ್ಡನ್ನು ಮಾತ್ರೆ ಮಾರಿ ತೆಗೆಯುತ್ತದೆ. ನಡಿಗೆಗೆ ಪೇಟೆಂಟ್ ಇಲ್ಲ, ಹಾಗಾಗಿ ಕೈಯಿಂದ ಹಾಕುವವರೂ ಇಲ್ಲ. ಚೀನಾದ ಡಾಚಿಂಗ್‌ನಲ್ಲಿ 1986ರಲ್ಲಿ 577 ಜನರ ಮೇಲೆ ಶುರುವಾದ ನಡಿಗೆ-ಪಥ್ಯದ ಅಧ್ಯಯನವನ್ನು 30 ವರ್ಷ ಹಿಂಬಾಲಿಸಿದ್ದಾರೆ. ಹೃದ್ರೋಗದಿಂದ ಸಾಯುವವರು ಕಡಿಮೆಯಾದರು ಅಂತ ತಿಳಿದದ್ದು 23 ವರ್ಷ ಕಾದಿದ್ದಕ್ಕೇ. ಯಾವ ಕಂಪನಿ ಅಷ್ಟು ಕಾಯುತ್ತದೆ ಹೇಳಿ.

ಪಥ್ಯದಪುಟ:
ನಾನು ಡಯಟಿಶಿಯನ್. 'ಬಾಯಿ ಕಟ್ಟಿ' ಅಂತ ಹೇಳಿ ಕಳಿಸಿದರೆ ಮುಗಿಯಿತು ಅಂತ ಜನ ಅಂದುಕೊಳ್ಳುವುದು ನೋಡಿದರೆ ಬೇಜಾರಾಗುತ್ತದೆ. ಆ ಅಮೆರಿಕದ ಪರೀಕ್ಷೆಯಲ್ಲಿ ಒಬ್ಬೊಬ್ಬರಿಗೂ ಒಬ್ಬ ಕೋಚ್, 16 ಪಾಠ, ಆಮೇಲೂ ಭೇಟಿಗಳು ಇದ್ದವು. ನನ್ನ ಹತ್ತಿರ ಬರುವವರು ತಿಂದದ್ದನ್ನೆಲ್ಲ ಬರೆದ ಪುಸ್ತಕ ತರುತ್ತಾರೆ. ಸೋಮವಾರದಿಂದ ಗುರುವಾರದವರೆಗೆ ಪುಟ ತುಂಬಿರುತ್ತದೆ, ಶುಕ್ರವಾರದಿಂದ ಖಾಲಿ. ಆ ಖಾಲಿ ಪುಟದ ಬಗ್ಗೆ ಬೈಯದೆ ಮಾತಾಡುವುದಿದೆಯಲ್ಲ, ನಿಜವಾದ ಚಿಕಿತ್ಸೆ ಅದೇ. ಅದಕ್ಕೆ ಸಮಯ ಬೇಕು, ಸಂಬಳ ಬೇಕು.

ಮುಂಗಾರು:
ಸರಿ, ಒಪ್ಪಿದೆ. ಆದರೆ ಜೀವನಶೈಲಿ ಅಂತ ಹೆಸರಿಟ್ಟುಕೊಂಡು ಬಂದದ್ದಕ್ಕೆಲ್ಲ ದುಡ್ಡು ಕೊಡಬೇಕಾ?

ತಕ್ಕಡಿ:
ಖಂಡಿತ ಬೇಡ. ಸೋತರೆ ಸೋತೆವು ಅಂತ ಹೇಳುವ ಪರೀಕ್ಷೆಗೆ ಮಾತ್ರ ಕೊಡಬೇಕು. ನಡಿಗೆ-ಪಥ್ಯದ್ದೇ ಲುಕ್ ಅಹೆಡ್ ಅಂತ ಒಂದು ಪರೀಕ್ಷೆ ಇತ್ತು, ಅದಕ್ಕೂ ಎನ್‌ಐಎಚ್ ದುಡ್ಡು. ಈಗಾಗಲೇ ಸಕ್ಕರೆ ಕಾಯಿಲೆ ಇದ್ದ 5,145 ಜನ. ತೂಕ ಇಳಿಯಿತು, ಸಕ್ಕರೆ ಹತೋಟಿಗೆ ಬಂತು, ಆದರೆ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. 2012ರಲ್ಲಿ ನಿಲ್ಲಿಸಿದರು, ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದರು. ನನಗೆ ಇದು ಗೆದ್ದ ಪರೀಕ್ಷೆಯಷ್ಟೇ ಬೆಲೆಬಾಳುವಂಥದ್ದು. ಏನನ್ನು ಅಳೆಯುತ್ತೀರಿ ಅಂತ ಮೊದಲೇ ನೋಂದಾಯಿಸದವರಿಗೆ, ಹೋಲಿಸಿ ನೋಡಲು ಇನ್ನೊಂದು ಗುಂಪು ಇಲ್ಲದವರಿಗೆ ಒಂದು ಪೈಸೆಯೂ ಸಿಗಬಾರದು.

ಪಥ್ಯದಪುಟ:
ಇದಕ್ಕೆ ಒಂದು ಸೇರಿಸುತ್ತೇನೆ. ಮೊದಲು ಹೇಳಿದ ಡಯಾಬಿಟಿಸ್ ಪ್ರಿವೆನ್ಷನ್ ಕಾರ್ಯಕ್ರಮವನ್ನು ಗುಂಪು ಪಾಠವಾಗಿ, ಕಡಿಮೆ ಖರ್ಚಲ್ಲಿ ಮಾಡಬಹುದಾ ಅಂತ 2012ರಲ್ಲಿ ಅಮೆರಿಕ ಸರ್ಕಾರವೇ ವೈಎಂಸಿಎ ಅನ್ನುವ ಸೇವಾ ಸಂಸ್ಥೆಗೆ ದುಡ್ಡು ಕೊಟ್ಟು ನೋಡಿತು. 15 ತಿಂಗಳಲ್ಲಿ ತಲೆಗೆ ಸುಮಾರು 2,650 ಡಾಲರ್ ಉಳಿತಾಯ ಅಂತ ಲೆಕ್ಕ ಸಿಕ್ಕಿತು. 2018ರಿಂದ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಇದಕ್ಕೆ ದುಡ್ಡು ಕೊಡುತ್ತಿದೆ. ಆದರೂ ಸೇರಿದವರು ಅಂದುಕೊಂಡದ್ದಕ್ಕಿಂತ ತೀರಾ ಕಮ್ಮಿ, ಪಾಠ ನಡೆಸಲು ಮುಂದೆ ಬಂದ ಸಂಸ್ಥೆಗಳೂ ಕಮ್ಮಿ. ಜನರ ತೂಕ ಇಳಿದಷ್ಟೂ ಸಂಸ್ಥೆಗೆ ದುಡ್ಡು ಜಾಸ್ತಿ ಅನ್ನುವ ಲೆಕ್ಕಾಚಾರ ಸಣ್ಣ ಸಂಸ್ಥೆಗಳಿಗೆ ಭಾರವಾಯಿತು. ನಡಿಗೆ ಕೆಲಸ ಮಾಡುತ್ತದಾ ಅನ್ನುವುದಕ್ಕೆ ಉತ್ತರ ಸಿಕ್ಕಾಗಿದೆ. ಪಾಠಕ್ಕೆ ಬಂದವರು ಆರನೇ ವಾರಕ್ಕೂ ಬರುವ ಹಾಗೆ ಮಾಡುವುದು ಹೇಗೆ, ಮುಂದಿನ ದುಡ್ಡು ಅದನ್ನು ಪರೀಕ್ಷಿಸಲು ಹೋಗಲಿ.